ದೀಪಕ್ಕೂ ಪಂಪಿಗೂ ಮಾತಿಲ್ಲ

"ಬಿಡಿ ಭಾವ! ಸ್ವಿಚ್ ಬಿಡಿ ಅಂದ್ನಲ್ಲ!"

ಟ್ಯಾಂಕರಿನ ಹೊಟ್ಟೆಯಡಿಯಿಂದ ಬಂದ ಈ ಕೂಗಿಗೆ ಮೇಲೆ ಡ್ರೈವರ್ ಸೀಟಿನಲ್ಲಿ ಕೂತಿದ್ದವನು ಗಾಬರಿಬಿದ್ದು, ಸ್ವಿಚ್ ಬಿಡುವ ಬದಲು ಹಾರ್ನ್ ಒತ್ತಿದ. ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದ ಟೆಸ್ಟರಮ್ಮನ ಕಿವಿ ಗುಂಯ್ ಎಂದಿತು. ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ ಟಾರ್ಚು ಜಾರಿ ಉರುಳಿಕೊಂಡು ಹೋಯಿತು.

"ನಾನು ಹಾರ್ನ್ ಕೇಳಿದ್ನಾ?"

"ಇಲ್ಲಮ್ಮ, ಕೈ ತಾಗ್ತು."

"ಕೈನ ತೊಡೆ ಮೇಲೆ ಇಟ್ಕೊಳ್ಳಿ. ಎರಡೂ ಕೈ. ನಾನು ಹೇಳೋ ತನಕ ಮೂಗು ಕೆರೆದರೂ ಎತ್ಬೇಡಿ."

ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಡಿಪೋದ ಮೇಸ್ತ್ರಿ ಉರುಳಿ ಬಂದ ಟಾರ್ಚನ್ನು ಹಿಡಿದು, ಒರೆಸಿ, ವಾಪಸ್ ಕೊಡದೆ ಕೈಯಲ್ಲೇ ಇಟ್ಟುಕೊಂಡ. ದಾರ ಕಟ್ಟಿದ ಅವನ ಕನ್ನಡಕ ಮೂಗಿನ ತುದಿಯಲ್ಲಿತ್ತು. ಬೆಳಗ್ಗೆಯಿಂದ ಅವನು ಮಾಡಿದ ಕೆಲಸ ಒಂದೇ, ಬಾಯಿ ಹಾಕುವುದು.

"ಅಲ್ಲ ಟೆಸ್ಟರಮ್ಮ, ಫ್ಯೂಸ್ ನೋಡಿದ್ರಾ?"

"ನೋಡ್ದೆ."

"ರಿಲೇ?"

"ನೋಡ್ದೆ ಮೇಸ್ತ್ರಿ."

"ನಾನೂ ನೋಡಿದ್ದೆ. ಎಲ್ಲ ಸರಿ ಇತ್ತು. ಸೋಮವಾರ ಗಾಡಿಗೆ ಬೀಗ ಹಾಕೋವಾಗ ನಾನೇ ಸ್ವಿಚ್ ಒತ್ತಿ ಪರೀಕ್ಷೆ ಮಾಡಿದ್ದೆ. ಪಂಪು ಜುಮ್ಮಂತ ತಿರುಗ್ತು. ಹಿಂದಿನ ದೀಪಗಳೂ ಒಂದೊಂದಾಗಿ ಹೊತ್ತಿದ್ವು."

"ನೀವು ಪರೀಕ್ಷೆ ಮಾಡೋದು ನಂಗೆ ಗೊತ್ತಿಲ್ವಾ? ಗಾಡಿ ಮುಂದೆ ನಿಂತು ಬೀಡಿ ಹಚ್ಚಿದ್ರೆ ಅದೇ ನಿಮಗೆ ಪರೀಕ್ಷೆ. ಟಾರ್ಚ್ ಕೊಡಿ."

ಮೇಸ್ತ್ರಿ ಟಾರ್ಚ್ ಕೊಟ್ಟ. ಡೀಸೆಲ್ ಡಿಪೋದಲ್ಲಿ ಬೀಡಿ ಹಚ್ಚುವವನು ತಾನಲ್ಲ ಎಂದು ಗೊಣಗುತ್ತ ಕೊಟ್ಟ.

ಗಾಡಿ ಡೀಸೆಲ್ ಟ್ಯಾಂಕರ್. ಕಲ್ಲುಕ್ವಾರಿ, ರಸ್ತೆ ಕೆಲಸ ಎಂದು ಊರಾಚೆ ನಿಂತಿರುವ ದೊಡ್ಡ ಯಂತ್ರಗಳಿಗೆ ಇದ್ದಲ್ಲಿಗೇ ಹೋಗಿ ಡೀಸೆಲ್ ಕುಡಿಸಿ ಬರುವುದು ಅದರ ಕೆಲಸ. ಗೇರ್‌ಬಾಕ್ಸಿನ ಪಕ್ಕ ಪಿಟಿಓ ಎಂಬ ಪುಟ್ಟ ಪೆಟ್ಟಿಗೆಯೊಂದು ಬೆಸೆದುಕೊಂಡಿದೆ. ಡ್ರೈವರ್ ಮುಂದಿನ ಸ್ವಿಚ್ ಒತ್ತಿದರೆ ಅದು ಎಂಜಿನ್ನಿನ ತಿರುಗುಬಲದಲ್ಲಿ ಒಂದು ಪಾಲು ಕಿತ್ತು ಪಂಪಿಗೆ ಕೊಡುತ್ತದೆ. ಪಂಪು ತಿರುಗಿದರೆ ಪೈಪಿನಲ್ಲಿ ಡೀಸೆಲ್ ಬರುತ್ತದೆ. ಎಷ್ಟು ಹೊತ್ತು ತಿರುಗಿತು ಎಂದು ಲೆಕ್ಕ ಇಡುವ ಒಂದು ಡಬ್ಬಿ ಪಂಪಿನ ತಿರುಗುವ ದಂಡಕ್ಕೇ ಕಚ್ಚಿಕೊಂಡಿದೆ.

ತಗಾದೆ ಶುರುವಾದದ್ದು ಆ ಡಬ್ಬಿಯಿಂದ. ಗಿರಾಕಿಗಳಿಗೆ ಕೊಟ್ಟ ಡೀಸೆಲ್ಲಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಪಂಪು ತಿರುಗಿದೆ ಎಂದು ಅದು ಹೇಳುತ್ತಿತ್ತು. ಡಿಪೋದಲ್ಲಿ ಡೀಸೆಲ್ ಕಡಿಮೆ ಬಿದ್ದಿತ್ತು. ಮಾಲೀಕ ಎರಡನ್ನೂ ಕೂಡಿಸಿ ಡ್ರೈವರನ ಹೆಸರು ಬರೆದ, ಸೋಮವಾರ ಗಾಡಿಗೆ ಬೀಗ ಹಾಕಿಸಿದ. ದಾರಿಯಲ್ಲಿ ಗಾಡಿ ನಿಲ್ಲಿಸಿ ಯಾರಿಗೋ ಮಾರಿದ್ದಾನೆ. ಸಂಜೆಯೊಳಗೆ ಒಪ್ಪಿಕೊಂಡರೆ ಸರಿ, ಇಲ್ಲದಿದ್ದರೆ ಪೊಲೀಸು.

ಆ ಡ್ರೈವರ್ ಟೆಸ್ಟರಮ್ಮನ ಅಕ್ಕನ ಗಂಡ. ಅದಕ್ಕೇ ಅವಳು ತನ್ನ ಗಾಡಿ ವೈರಿಂಗಿನ ಅಂಗಡಿಗೆ ಬಾಗಿಲು ಹಾಕಿ ಬಂದು ಇಲ್ಲಿ ಮಲಗಿದ್ದಳು.

ಬಂದವಳಿಗೆ ಮೊದಲ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. ಹೆಚ್ಚಾಗಿ ತಿರುಗಿತು ಎಂದು ಅಪವಾದ ಹೊತ್ತ ಪಂಪು ಈಗ ತಿರುಗುತ್ತಲೇ ಇರಲಿಲ್ಲ.

"ಇನ್ನೊಂದ್ಸಲ ಒತ್ತಿ ಭಾವ. ಸ್ವಿಚ್ಚು. ಹಾರ್ನ್ ಅಲ್ಲ."

"ಒತ್ತಿದೆ. ದೀಪ ಹೊತ್ತಿದೆ."

ಎಂಜಿನ್ ಗುರುಗುಟ್ಟುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಪಿಟಿಓ ದೀಪ ಮದುವೆಮನೆಯ ಹಾಗೆ ಝಗಝಗಿಸುತ್ತಿತ್ತು. ಕೆಳಗೆ ಪಂಪಿನ ದಂಡ ಮಾತ್ರ ಮುನಿಸಿಕೊಂಡವರಂತೆ ಕೂತಿತ್ತು. ಟೆಸ್ಟರಮ್ಮ, ಕರೆಂಟು ಬಂದಾಗ ಪಿಟಿಓವನ್ನು ಎಬ್ಬಿಸುವ ತಂತಿಸುರುಳಿಗೆ, ಅಂದರೆ ಕಾಯಿಲಿಗೆ, ಬರುವ ಎರಡು ತಂತಿಗಳಿಗೆ ಮೀಟರಿನ ಕಡ್ಡಿ ಚುಚ್ಚಿದಳು. ಕರೆಂಟು ತರುವ ತಂತಿಯಲ್ಲಿ ಪೂರ್ತಿ ವೋಲ್ಟು. ಸರಿ. ಕರೆಂಟನ್ನು ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಚಾಸಿಗೆ, ವಾಪಸ್ ಒಯ್ಯಬೇಕಾದ ಅರ್ತ್ ತಂತಿಯಲ್ಲೂ ಪೂರ್ತಿ ವೋಲ್ಟು.

"ಅರ್ತ್ ಹೋಗಿದೆ," ಎಂದಳು. "ಕರೆಂಟು ಬಂದಿದೆ, ಹೋಗೋಕೆ ದಾರಿಯಿಲ್ಲದೆ ಬಾಗಿಲಲ್ಲೇ ನಿಂತಿದೆ. ಹಿಂದೆ ಎಲ್ಲೋ ತಂತಿ ಬಿಟ್ಟಿದೆ."

ಮೇಸ್ತ್ರಿ ನಕ್ಕ. "ಬಿಟ್ಟಿರಬಹುದು. ಅದ್ರಿಂದ ನಿಮ್ಮ ಭಾವನಿಗೆ ಏನು ಬಂತು? ತಿರುಗದೇ ಇರೋ ಪಂಪು ಜಾಸ್ತಿ ಹೊತ್ತು ತಿರುಗಿದ್ದು ಹೇಗೆ ಅಂತ ಹೇಳಿ ನೋಡೋಣ."

ಕೆಟ್ಟ ಮನುಷ್ಯ, ಒಳ್ಳೆಯ ಪ್ರಶ್ನೆ. ಅವಳಿಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಮಲಗಿ ಬೆನ್ನು ಹಲಗೆಯಾಗಿತ್ತು, ಕೂದಲ ತುಂಬ ಮಣ್ಣು, ಸಿಕ್ಕಿದ್ದು ಒಂದೇ ಒಂದು ದೋಷ, ಅದೂ ತನಗೆ ಬೇಕಾದದ್ದಕ್ಕೆ ತದ್ವಿರುದ್ಧ.

ತೆವಳಿಕೊಂಡು ಹೊರಗೆ ಬಂದಳು. ಗೋಡೆಯ ನೆರಳಿನಲ್ಲಿ ಖಾಲಿ ಡ್ರಮ್ಮಿನ ಮೇಲೆ ಅಕ್ಕ ಕೂತಿದ್ದಳು. ಆರೋಪ ಬಂದಾಗಿನಿಂದ ಭಾವನನ್ನು ಮಾಲೀಕ ದಿನವೂ ಡಿಪೋದಲ್ಲೇ ಕೂರಿಸಿಕೊಂಡಿದ್ದ. ಅಕ್ಕ ದಿನವೂ ಊಟದ ಡಬ್ಬಿ ತಂದು, ಅವನು ಉಂಡಾದ ಮೇಲೆ ಒಯ್ಯುತ್ತಿದ್ದಳು. ಇವತ್ತು ಒಯ್ಯದೆ ಕೂತೇ ಇದ್ದಳು.

"ನೀರು ಕುಡಿ ಪುಟ್ಟಿ," ಎಂದಳು ಅಕ್ಕ. ಕಿವಿಯ ಮೇಲೆ ನರೆ ಬಂದ ಹೆಂಗಸನ್ನು ಹಾಗೆ ಕರೆಯುವವಳು ಲೋಕದಲ್ಲಿ ಇವಳೊಬ್ಬಳೇ.

ಟೆಸ್ಟರಮ್ಮ ಗಟಗಟ ಕುಡಿದಳು. ಊಟದ ಡಬ್ಬಿಯ ಮುರಿದ ಹಿಡಿಗೆ ಕರೀ ಟೇಪು ಸುತ್ತಿತ್ತು. ಟೇಪಿನ ತುದಿ ಉಗುರಿನಷ್ಟು ಒಳಕ್ಕೆ ಮಡಚಿತ್ತು. ಆ ಸಿಡಿಮಿಡಿಯಲ್ಲೂ ಅವಳಿಗೆ ಸಣ್ಣ ನಗು ಬಂತು. ಅದು ಅಪ್ಪನ ಪಾಠ. ಗ್ಯಾರೇಜಿನ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರನ್ನೂ ಕೂರಿಸಿಕೊಂಡು ಹೇಳುತ್ತಿದ್ದ, "ಸುತ್ತೋದು ಇವತ್ತಿನ ಕೆಲಸ. ಮುಂದೆ ಬಿಚ್ಚೋನು ಇನ್ಯಾರೋ. ಅವನ ಉಗುರಿಗೊಂದು ಜಾಗ ಬಿಡಿ." ಊರಿನ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಒಮ್ಮೆ ಅವಳು ರಿಪೇರಿ ಮಾಡಿದ್ದನ್ನು ನೋಡಿ ಇದೇ ಮೇಸ್ತ್ರಿ, "ಟೇಪಿಗೂ ಕುಚ್ಚು ಕಟ್ತೀರಾ?" ಎಂದು ಹಲ್ಲು ಬಿಟ್ಟಿದ್ದ.

ಅಕ್ಕ ಅಪ್ಪನ ಬೆಂಚಿನಲ್ಲಿ ತಂಗಿಗಿಂತ ಚುರುಕಾಗಿದ್ದಳು. ಮದುವೆಯಾದ ಮೇಲೆ ಕೈಬಿಟ್ಟಳು. ಅವಳು ಸುತ್ತುವ ಟೇಪು ಈಗ ಡಬ್ಬಿಯ ಹಿಡಿಗೆ, ಪೊರಕೆಯ ಬುಡಕ್ಕೆ.

"ಏನಾದ್ರೂ ಸಿಕ್ತಾ?"

"ತಲೆನೋವು ಸಿಕ್ತು. ಸ್ವಿಚ್ ಒತ್ತಿದ್ರೆ ದೀಪ ಹೊತ್ತುತ್ತೆ, ಪಂಪು ತಿರುಗಲ್ಲ. ದೀಪಕ್ಕೂ ಪಂಪಿಗೂ ಮಾತಿಲ್ಲ ಕಥೆಯಿಲ್ಲ, ಬೀಗರು ಮುನಿಸ್ಕೊಂಡ ಹಾಗೆ."

ಅಕ್ಕ ಖಾಲಿ ಲೋಟ ವಾಪಸ್ ತೆಗೆದುಕೊಂಡಳು. "ಅಪ್ಪ ಏನ್ ಹೇಳ್ತಿದ್ದ? ನಿಂತ ಗಾಡೀಲಿ ನಿಂತ ಗಾಡಿ ಕಾಯಿಲೆ ಮಾತ್ರ ಗೊತ್ತಾಗುತ್ತೆ. ಓಡ್ತಾ ಇರೋವಾಗ ಡ್ರೈವರ್‌ಗಳು ಏನೇನು ಮಾಡ್ತಾರೋ ಎಲ್ಲ ಮಾಡ್ಸಿ ನೋಡು."

ಹೌದಲ್ಲ ಎನ್ನಿಸಿತು. ಪಿಟಿಓ ಪರೀಕ್ಷೆ ಮಾಡುವವರೆಲ್ಲ ಗಾಡಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಮಾಡುತ್ತಾರೆ. ಅಂಥ ಗಾಡಿಯಲ್ಲಿ ಇಂಡಿಕೇಟರ್ ಹಾಕುವವರಾರು? ಕಾಲಿನ ಬ್ರೇಕ್ ತುಳಿಯುವವರಾರು?

ಮತ್ತೆ ಗೋಣಿಚೀಲ. ಮತ್ತೆ ಬೆನ್ನು.

"ಭಾವ, ಪಿಟಿಓ ಸ್ವಿಚ್ ಆಫ್ ಇರ್ಲಿ. ಈಗ ಇಂಡಿಕೇಟರ್ ಹಾಕಿ. ಎಡ. ಬಲ."

ಏನೂ ಇಲ್ಲ.

"ವೈಪರ್."

ಏನೂ ಇಲ್ಲ.

"ಹಾರ್ನ್."

ಭಾವ ಒತ್ತಲಿಲ್ಲ. "ಒತ್ಲಾ?" ಎಂದು ಕೇಳಿದ.

"ಈಗ ಒತ್ತಿ ಮಹರಾಯ!"

ಹಾರ್ನ್ ಕೂಗಿತು. ಪಂಪು ಕೂತಲ್ಲೇ ಕೂತಿತ್ತು.

"ಕ್ಲಚ್ ತುಳೀರಿ. ಈಗ ಬ್ರೇಕ್."

ಟಕ್ ಎಂದಿತು ಕಾಯಿಲ್. ಗಾಳಿ ಉಸ್ಸೆಂದಿತು. "ಕ್ಲಚ್ ಮೆಲ್ಲಗೆ ಬಿಡಿ, ಬ್ರೇಕ್ ಬಿಡ್ಬೇಡಿ," ಎಂದಳು. ಅವಳ ಮೂಗಿನಿಂದ ಒಂದು ಮೊಳ ದೂರದಲ್ಲಿ, ಬೆಳಗಿನಿಂದ ಸತ್ತಂತೆ ಬಿದ್ದಿದ್ದ ಪಂಪಿನ ದಂಡ ಗರ್ರನೆ ತಿರುಗತೊಡಗಿತು.

"ಭಾವ! ಸ್ವಿಚ್ ಒತ್ತಿದ್ದೀರಾ?"

"ದೇವರಾಣೆ ಇಲ್ಲ. ಕೈ ತೊಡೆ ಮೇಲಿದೆ!"

"ದೀಪ ಹೊತ್ತಿದ್ಯಾ?"

"ಇಲ್ಲ. ಕತ್ತಲು."

"ಮೇಸ್ತ್ರಿ, ಹಿಂದೆ ಹೋಗಿ ಬ್ರೇಕ್ ದೀಪ ನೋಡಿ."

ಮೇಸ್ತ್ರಿಯ ದನಿ ಗಾಡಿಯ ಹಿಂದಿನಿಂದ ಬಂತು. ಅದರಲ್ಲಿ ನಗೆ ಇರಲಿಲ್ಲ. "ಹೊತ್ತಿಲ್ಲ. ಒಂದೂ ಹೊತ್ತಿಲ್ಲ."

ಮಾಲೀಕ ಆಫೀಸಿನ ಮೆಟ್ಟಿಲಿಳಿದು ಬಂದ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಭಾವ ಬ್ರೇಕ್ ತುಳಿದ, ಪಂಪು ತಿರುಗಿತು. ಬಿಟ್ಟ, ನಿಂತಿತು. ಲೆಕ್ಕದ ಡಬ್ಬಿ ಮಾತ್ರ ತಿರುಗಿದಾಗೆಲ್ಲ ತನ್ನ ಪಾಡಿಗೆ ಲೆಕ್ಕ ಬರೆದುಕೊಳ್ಳುತ್ತಿತ್ತು. ಮಾಲೀಕ ಬಾಗಿ ನೋಡಿದ, ಎದ್ದ, ಮತ್ತೆ ಬಾಗಿದ.

"ಇದೇನು ಗಾಡಿನೋ ದೆವ್ವನೋ?"

"ದೆವ್ವ ಆಗಿದ್ರೆ ಒಂದು ನಿಂಬೆಹಣ್ಣಲ್ಲಿ ಮುಗೀತಿತ್ತು," ಎಂದಳು ಟೆಸ್ಟರಮ್ಮ. "ಕೇಳಿ ಸಾರ್. ಬ್ರೇಕ್ ದೀಪಕ್ಕೂ ಪಿಟಿಓ ಕಾಯಿಲಿಗೂ ಹಿಂದೆ ಒಂದೇ ಅರ್ತ್ ತಂತಿ. ಬ್ರೇಕ್ ತುಳಿದಾಗ ಕರೆಂಟು ದೀಪಕ್ಕೆ ಬಂದು, ಆ ತಂತಿ ಹಿಡಿದು ಚಾಸಿಗೆ ಹೋಗ್ಬೇಕು. ಆ ಮುಂಬಾಗಿಲು ಮುಚ್ಚಿದೆ. ಹಿತ್ತಿಲ ಬಾಗಿಲು ಹುಡುಕುತ್ತೆ. ಕಾಯಿಲಿನೊಳಗೆ ಹಿಂದುಮುಂದಾಗಿ ನುಗ್ಗಿ, ಅದರ ತಂತಿ ಹಿಡಿದು ಡ್ಯಾಶ್‌ಬೋರ್ಡಿಗೆ ಬಂದು, ಅಲ್ಲಿನ ಪಿಟಿಓ ದೀಪದೊಳಗಿಂದ ಕ್ಯಾಬಿನ್ನಿನ ಅರ್ತಿಗೆ ಇಳಿಯುತ್ತೆ. ದಾರೀಲಿ ಕಾಯಿಲನ್ನ ಎಬ್ಬಿಸಿಬಿಡುತ್ತೆ."

"ಹಾಗಾದ್ರೆ ಆ ದೀಪ ಹೊತ್ತಬೇಕಲ್ಲ?"

ಅವಳು ಕ್ಯಾಬಿನ್ನಿಗೆ ಹತ್ತಿ ದೀಪದ ಮುಚ್ಚಳ ತಿರುಗಿಸಿ ತೆಗೆದಳು. ಒಳಗಿದ್ದದ್ದು ಕಡಲೆಕಾಳಿನಂಥ ಚಿಕ್ಕ ಬಲ್ಬಲ್ಲ. ಗೋಲಿ ಗಾತ್ರದ್ದು, ಹಿಂದಿನ ಬ್ರೇಕಿಗೆ ಹಾಕುವಂಥದ್ದು. ಗಾಜಿನ ಮೇಲೆ ಧೂಳು ಹಪ್ಪಳಗಟ್ಟಿತ್ತು.

"ಇದು ಯಾರು ಹಾಕಿದ್ದು?"

ಭಾವ ತಲೆ ತಗ್ಗಿಸಿದ. "ನಾನೇ ಹಾಕಿಸಿದ್ದು. ಆಗಲೇ ವರ್ಷದ ಮೇಲಾಯ್ತು. ಚಿಕ್ಕದು ಬಿಸಿಲಲ್ಲಿ ಕಾಣ್ತಿರ್ಲಿಲ್ಲ. ಪಂಪು ಬಂದ್ ಮಾಡೋದು ಮರೆತು ಗಾಡಿ ಓಡಿಸಿಬಿಟ್ರೆ ಅಂತ ಭಯ."

"ನೋಡಿ. ಚಿಕ್ಕ ಬಲ್ಬಾಗಿದ್ರೆ ಸಂದಿಯಲ್ಲಿ ಇಷ್ಟು ಕರೆಂಟು ನುಸುಳ್ತಿರ್ಲಿಲ್ಲ. ದೊಡ್ಡದು ಬಾಗಿಲು ಹಾರು ಹೊಡೆದಿದೆ. ಆದ್ರೆ ಕಾಯಿಲ್ ದಾಟಿ ಬಂದ ಕರೆಂಟು ಅದನ್ನ ಹೊತ್ತಿಸೋಕೆ ಸಾಲಲ್ಲ. ಅದಕ್ಕೇ ಕತ್ತಲು. ಸಿಗ್ನಲ್ ಸಿಗ್ನಲಲ್ಲೂ ಬ್ರೇಕ್ ತುಳಿದಿದ್ದಾರೆ, ಪಂಪು ಸುಮ್ಮನೆ ತಿರುಗಿದೆ, ಡಬ್ಬಿ ಅದನ್ನೆಲ್ಲ ಬರ್ಕೊಂಡಿದೆ. ಭಾವ, ಸಿಗ್ನಲಲ್ಲಿ ಕೆಳಗೆ ಏನಾದ್ರೂ ಸದ್ದು ಕೇಳ್ತಿತ್ತಾ?"

ಭಾವ ಉತ್ತರ ಕೊಡುವ ಮೊದಲು ಡ್ರಮ್ಮಿನ ಕಡೆ ನೋಡಿದ. "ಹ್ಞೂಂ," ಎಂದ. "ಕೇಳಿದಂಗಿತ್ತು."

"ಇದನ್ನ ಬೆಳಗ್ಗೆ ಹೇಳೋಕೆ ಬಾಯಲ್ಲಿ ಏನಿಟ್ಕೊಂಡಿದ್ರಿ?"

ಮೇಸ್ತ್ರಿ ಅಡ್ಡ ಬಂದ. "ಅದೆಲ್ಲ ಸರಿ. ಅರ್ತ್ ಹೋಗಿದ್ರೆ ಸ್ವಿಚ್ ಒತ್ತಿದಾಗ ಪಂಪು ತಿರುಗಲ್ಲ ಅಂತ ನೀವೇ ಅಂದ್ರಿ. ಇಷ್ಟು ದಿನ ಗಿರಾಕಿಗಳಿಗೆ ಡೀಸೆಲ್ ಹೇಗೆ ಹಾಕಿದ?"

"ತಂತಿ ಪೂರ್ತಿ ಹೋಗಿರಲ್ಲ ಮೇಸ್ತ್ರಿ. ಕಿಲುಬು ಹಿಡಿದು ಸಡಿಲ ಆಗಿರುತ್ತೆ. ಗಾಡಿ ನಿಂತಾಗ ಕೂಡುತ್ತೆ, ಕುಲುಕಿದಾಗ ಬಿಡುತ್ತೆ. ಈಗ ಪೂರ್ತಿ ಬಿಟ್ಟಿದೆ. ಬೇಕಿದ್ರೆ ಬಿಚ್ಚಿ ತೋರಿಸ್ತೀನಿ, ಆಮೇಲಾದ್ರೂ ಬಾಯಿ ಮುಚ್ತೀರಾ?"

ಮಾಲೀಕನ ಮುಖ ಸಡಿಲಾಯಿತು. ಭಾವ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಎಂಜಿನ್ ಆರಿಸಿದರು. ಬೆಳಗಿನಿಂದ ಮೊದಲ ಸಲ ಡಿಪೋದಲ್ಲಿ ಕಾಗೆಯ ಕೂಗು ಕೇಳಿಸಿತು.

ಟೆಸ್ಟರಮ್ಮ ಗೆದ್ದವಳ ಹುಮ್ಮಸ್ಸಿನಲ್ಲಿ ಕೊನೆಯ ಸಲ ಗಾಡಿಯಡಿ ನುಸುಳಿದಳು. ಕಾಯಿಲಿನಿಂದ ತಂತಿಯನ್ನು ಬೆರಳಲ್ಲೇ ಸವರುತ್ತ ಹಿಂದಕ್ಕೆ ಹೋದಳು. ಟ್ಯಾಂಕಿನ ತೊಲೆಯ ಮರೆಯಲ್ಲಿ, ಟಾರ್ಚಿನ ಬೆಳಕು ಬೀಳದ ಜಾಗದಲ್ಲಿ, ತಂತಿ ಕೊಂಚ ದಪ್ಪಗಾಯಿತು. ಯಾರೋ ಹಳೆಯ ಕಾಲದಲ್ಲಿ ತೇಪೆ ಹಾಕಿದ ಟೇಪು. ಮೇಲೆ ಎಣ್ಣೆ, ಮಣ್ಣು. ಇದೇ ಇರಬೇಕು.

ಕತ್ತಲಲ್ಲೇ ಬಿಚ್ಚಲು ಹೋದಳು. ಹಳೆಯ ಟೇಪನ್ನು ಬಿಚ್ಚುವುದೆಂದರೆ ಉಗುರು ಮುರಿದುಕೊಳ್ಳುವ ಕೆಲಸ, ತುದಿ ಎಲ್ಲಿದೆಯೆಂದು ಕೆರೆದೂ ಕೆರೆದೂ ಸಾಕಾಗುತ್ತದೆ.

ಅವಳ ಉಗುರು ಕೆರೆಯಲೇ ಇಲ್ಲ. ತುದಿ ತಾನಾಗಿಯೇ ಸಿಕ್ಕಿತು.

ಮಡಚಿದ ತುದಿ.

ಕೈ ಅರ್ಧಕ್ಕೇ ನಿಂತಿತು. ಇದು ತಾನೇ ಎಂದೋ ಮಾಡಿದ ರಿಪೇರಿಯೇ? ಅಲ್ಲ, ಈ ಗಾಡಿಯನ್ನು ಅವಳು ಮುಟ್ಟುತ್ತಿರುವುದು ಇದೇ ಮೊದಲು. ಮೆಲ್ಲಗೆ ಸುತ್ತು ಬಿಚ್ಚಿದಳು. ಮೇಲಿನ ಮಣ್ಣು ಉದುರಿ ಕಣ್ಣಿಗೆ ಬಿತ್ತು. ಒಳಗಿನ ಅಂಟು ಅಂಗಡಿಯಿಂದ ಈಗಷ್ಟೇ ತಂದಂತೆ ಬೆರಳಿಗೆ ಕಚ್ಚಿಕೊಂಡಿತು. ಟಾರ್ಚನ್ನು ಬಾಯಲ್ಲಿ ಕಚ್ಚಿ ನೋಡಿದಳು.

ಕಿಲುಬಿಲ್ಲ. ತಂತಿ ಸಡಿಲವಾಗಿಲ್ಲ. ಒಂದೇ ಏಟಿಗೆ ಕತ್ತರಿಸಿದ ತಾಮ್ರ, ಹೊಸ ಚೆಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಎರಡು ತುದಿಗಳು ಒಂದಕ್ಕೊಂದು ತಾಗದಂತೆ ನಡುವೆ ಒಂದು ತುಂಡು ಬೆಂಕಿಕಡ್ಡಿ. ತಂತಿ ನೇರವಾಗಿ ನಿಲ್ಲಲಿ ಎಂದು ಇನ್ನೊಂದು ಕಡ್ಡಿ ಪಕ್ಕಕ್ಕೆ ಆನಿಸಿತ್ತು.

ಗಾಡಿ ಕುಲುಕಲಿ, ನಿಲ್ಲಲಿ, ಬೆಟ್ಟದಿಂದ ಉರುಳಲಿ, ಈ ಎರಡು ತುದಿಗಳು ಎಂದೂ ಕೂಡುವುದಿಲ್ಲ. ಕತ್ತರಿಸಿದ ಗಳಿಗೆಯಿಂದ ಈ ಪಂಪು ಸ್ವಿಚ್ಚಿನ ಮಾತು ಕೇಳಿರುವುದಿಲ್ಲ, ಈ ಬ್ರೇಕ್ ದೀಪ ಹೊತ್ತಿರುವುದಿಲ್ಲ. ಸೋಮವಾರ ಪಂಪು ಜುಮ್ಮಂತ ತಿರುಗಿತ್ತು. ಸೋಮವಾರ ದೀಪಗಳು ಒಂದೊಂದಾಗಿ ಹೊತ್ತಿದ್ದವು. ಬೆಳಗಿನಿಂದ ಅವಳ ತಲೆ ತಿಂದ ಮೇಸ್ತ್ರಿ ಬೆಳಗಿನಿಂದ ನಿಜವನ್ನೇ ಹೇಳುತ್ತಿದ್ದ.

ಹಾಗಾದರೆ ಡಬ್ಬಿಯಲ್ಲಿರುವ ಹೆಚ್ಚಿನ ಲೆಕ್ಕ ಈ ದೋಷದ್ದಲ್ಲ. ಈ ದೋಷ ಹುಟ್ಟಿದ್ದೇ ಗಾಡಿಗೆ ಬೀಗ ಬಿದ್ದ ಮೇಲೆ. ಅವಳು ಹುಡುಕಿ ತೆಗೆಯಲಿ ಎಂದೇ ಯಾರೋ ಇಟ್ಟದ್ದು. ಓಡುವ ಗಾಡಿಯಲ್ಲಿ ಮಾಡುವುದನ್ನೆಲ್ಲ ಮಾಡಿಸು ಎಂದು ದಾರಿ ತೋರಿಸಿದ್ದೂ ಅದೇ ಯಾರೋ.

ಚಕ್ರದ ಪಕ್ಕ ಸೀರೆಯ ಅಂಚು ಕಾಣಿಸಿತು. ಆಮೇಲೆ ಮೊಣಕಾಲು. ಆಮೇಲೆ ಅಕ್ಕನ ಮುಖ, ಅಡ್ಡಡ್ಡವಾಗಿ.

"ಸಿಕ್ತಾ ಪುಟ್ಟಿ?"

ಟೆಸ್ಟರಮ್ಮ ಬಾಯಿಂದ ಟಾರ್ಚ್ ತೆಗೆದಳು. "ಯಾವಾಗ?"

"ಏನು ಯಾವಾಗ?"

"ಅಕ್ಕ, ನಂಗೆ ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಇನ್ನೂ ಕೆಡಿಸ್ಬೇಡ. ಯಾವಾಗ ಕತ್ತರಿಸ್ದೆ?"

ಅಕ್ಕ ಹಿಂದೆ ತಿರುಗಿ ನೋಡಿದಳು. ಮಾಲೀಕ, ಮೇಸ್ತ್ರಿ ಇಬ್ಬರೂ ಕ್ಯಾಬಿನ್ನಿನ ಹತ್ತಿರವಿದ್ದರು. ದನಿ ತಗ್ಗಿಸಿದಳು. "ಮಂಗಳವಾರ. ಊಟ ತಂದಾಗ. ಮೇಸ್ತ್ರಿ ನಿದ್ದೆ ಹೊಡೀತಿದ್ದ."

"ಭಾವನಿಗೆ ಗೊತ್ತಾ?"

"ಅವರಿಗೆ ಗೊತ್ತಾದ್ರೆ ಹಣೆ ಮೇಲೆ ಬೋರ್ಡ್ ಬರೆಸಿಕೊಂಡ ಹಾಗೆ. ಸದ್ದು ಕೇಳ್ತಾ ಅಂತ ಯಾರಾದ್ರೂ ಕೇಳಿದ್ರೆ ಹ್ಞೂಂ ಅನ್ನಿ ಅಂದಿದ್ದೆ. ಯಾಕೆ ಅಂತ ಕೇಳಲಿಲ್ಲ. ಅವರು ಯಾವತ್ತು ಕೇಳಿದ್ದಾರೆ?"

"ಭಾವ ಡೀಸೆಲ್ ಮಾರಿದ್ದಾರಾ?"

"ಇಲ್ಲ."

"ನಿಂಗೆ ಹೆಂಗೆ ಗೊತ್ತು?"

"ಸಾರಿಗೆ ಉಪ್ಪು ಜಾಸ್ತಿ ಆಯ್ತು ಅನ್ನೋಕೂ ಧೈರ್ಯ ಸಾಲದ ಮನುಷ್ಯ ಕಣೇ ಅವರು."

"ಅದು ಸಾಕ್ಷಿ ಅಲ್ಲ ಅಕ್ಕ."

"ನಂಗೊತ್ತು. ಅದಕ್ಕೇ ಸಾಕ್ಷಿ ಮಾಡ್ದೆ." ಅಕ್ಕನ ದನಿ ಅಲುಗಲಿಲ್ಲ. "ಕದ್ದೋನು ಯಾರು ಅಂತ ಗೊತ್ತಿದ್ರೆ ಜುಟ್ಟು ಹಿಡಿದು ತಂದು ನಿಲ್ಲಿಸ್ತಿದ್ದೆ. ಗೊತ್ತಿಲ್ಲ. ಗೊತ್ತಾಗೋ ತನಕ ಅವರು ಲಾಕಪ್ಪಲ್ಲಿ ಕೂತಿರ್ಬೇಕಾ? ಆ ದೊಡ್ಡ ಬಲ್ಬು ನೆನಪಾಯ್ತು. ಅಪ್ಪನ ಹತ್ರ ಇದೇ ಥರ ಒಂದು ಗಾಡಿ ಬಂದಿತ್ತಲ್ಲ, ಬ್ರೇಕ್ ತುಳಿದ್ರೆ ವೈಪರ್ ಆಡ್ತಿತ್ತು."

"ಅದನ್ನ ನನ್ನ ಬಾಯಲ್ಲಿ ಹೇಳಿಸ್ದೆ."

"ನೀನು ಹೇಳಿದ್ರೆ ಮಾತ್ರ ನಂಬ್ತಾರೆ."

"ಹೌದು! ಯಾಕೆ ನಂಬ್ತಾರೆ ಅಂತ ಒಂದ್ಸಲನಾದ್ರೂ ಯೋಚ್ನೆ ಮಾಡಿದ್ಯಾ?" ದನಿ ಏರಿತು, ಹಲ್ಲು ಕಚ್ಚಿ ಇಳಿಸಿದಳು. "ಈಗ ಭಾವ ಕದ್ದಿಲ್ಲ ಅಂತ ನಾನಾದ್ರೂ ಹೇಗೆ ನಂಬಲಿ? ಇಷ್ಟೆಲ್ಲ ಮಾಡಿ, ಮಣ್ಣು ಬಳಿದು, ಕಡ್ಡಿ ಇಟ್ಟು... ತುದಿ ಯಾಕೆ ಮಡಚಿದೆ?"

ಅಕ್ಕನ ಹುಬ್ಬು ಗಂಟಾಯಿತು. "ಮಡಚಿದ್ನಾ?"

ತಂಗಿ ಟೇಪಿನ ತುದಿಯನ್ನು ಬೆಳಕಿಗೆ ಹಿಡಿದಳು. ಅಕ್ಕ ಅದನ್ನು ನೋಡಿದಳು. ಆಮೇಲೆ ತನ್ನದೇ ಕೈಯನ್ನು, ಬೇರೆ ಯಾರದೋ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿದಳು.

"ಏನಮ್ಮ, ಒಳಗೇ ಮಲಗಿಬಿಟ್ರಾ?" ಮಾಲೀಕನ ದನಿ.

ಟೆಸ್ಟರಮ್ಮ ಎರಡು ಬೆಂಕಿಕಡ್ಡಿಗಳನ್ನೂ ಟೇಪನ್ನೂ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಚುಚ್ಚಿತು. ಮಾಲೀಕ ನಗುತ್ತಿದ್ದ. ಬೆಳಗ್ಗೆ ಪೊಲೀಸು ಪೊಲೀಸು ಎಂದು ಕುಣಿದವನು ಇವನೇ ಎಂದರೆ ಯಾರೂ ನಂಬುವಂತಿರಲಿಲ್ಲ. ಅವನ ಕೈಯಲ್ಲಿ ಕಂಪನಿ ಹೆಸರಿನ ಒಂದು ಬಿಳಿ ಹಾಳೆ, ಮೇಲೊಂದು ಪೆನ್ನು.

"ನಿಮ್ಮಂಥವರು ಮೊದಲೇ ಸಿಕ್ಕಿದ್ರೆ ಇಷ್ಟು ರಾದ್ಧಾಂತನೇ ಇರ್ತಿರ್ಲಿಲ್ಲ. ನೋಡಿ, ಈಗ ಎಲ್ಲ ಸ್ಪಷ್ಟ. ಪಂಪು ದಾರಿಯುದ್ದಕ್ಕೂ ತಾನಾಗಿಯೇ ತಿರುಗಿದೆ. ಆ ಒತ್ತಡಕ್ಕೆ ಪೈಪಿನ ಜಾಯಿಂಟಲ್ಲಿ ಡೀಸೆಲ್ ಸೋರಿ ಹೋಗಿದೆ. ಡ್ರೈವರ್ ತಪ್ಪೇನೂ ಇಲ್ಲ. ತಂತಿ ನೋಡ್ಕೊಳ್ಬೇಕಾದೋನು, ಜಾಯಿಂಟ್ ನೋಡ್ಕೊಳ್ಬೇಕಾದೋನು ಮೇಸ್ತ್ರಿ. ಅವನನ್ನ ಇವತ್ತೇ ಮನೆಗೆ ಕಳಿಸ್ತೀನಿ."

ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. "ಸೋಮವಾರ ತಿರುಗಿತ್ತು," ಎಂದ, ಯಾರಿಗೂ ಅಲ್ಲ. "ನಾನೇ ನೋಡಿದ್ದೆ."

"ಸಾಕು ಸುಮ್ನಿರಯ್ಯ!"

ಟೆಸ್ಟರಮ್ಮ ತನ್ನ ಅಂಗಿಯನ್ನು ನೋಡಿಕೊಂಡಳು. ಬೆಳಗಿನಿಂದ ಆ ಪೈಪುಗಳ ಕೆಳಗೇ ಹೊರಳಾಡಿದ್ದಳು. ಬಟ್ಟೆಯ ತುಂಬ ಮಣ್ಣಿತ್ತು, ಒಣ ಮಣ್ಣು. ಒಂದು ಹನಿ ಡೀಸೆಲ್ಲಿನ ಕಲೆ ಇರಲಿಲ್ಲ. ಸೋರಿಲ್ಲ. ಯಾರೋ ಒಯ್ದಿದ್ದಾರೆ. ಇವತ್ತು ಈ ಹಾಳೆ ತುಂಬಿದರೆ ನಾಳೆಯಿಂದ ಅದನ್ನು ಹುಡುಕುವವರು ಯಾರೂ ಇರುವುದಿಲ್ಲ. ಈ ಮಾಲೀಕನಿಗೆ ಹುಡುಕದೇ ಇರುವುದಕ್ಕೆ ಇಷ್ಟು ಅವಸರ ಏಕೆ?

ಮಾಲೀಕ ಹಾಳೆಯನ್ನು ಟ್ಯಾಂಕರಿನ ಮಡ್‌ಗಾರ್ಡಿನ ಮೇಲೆ ಹಾಸಿ ಅಂಗೈಯಿಂದ ಸಮ ಮಾಡಿದ. ಪೆನ್ನಿನ ಮುಚ್ಚಳವನ್ನು ತಾನೇ ತೆಗೆದ.

"ನೀವು ಕಂಡಿದ್ದನ್ನ ಇಲ್ಲಿ ಬರೆದು ಒಂದು ಸಹಿ ಹಾಕಿ ಕೊಡಿ. ಅಷ್ಟೇ. ನಿಮ್ಮ ಭಾವ ನಾಳೆ ಬೆಳಗ್ಗೆ ಇದೇ ಗಾಡಿ ಹತ್ತಲಿ. ಮೇಸ್ತ್ರಿ ಜಾಗಕ್ಕೆ ನೀವೇ ಬನ್ನಿ. ಡಿಪೋದ ಗಾಡಿಗಳೆಲ್ಲ ನಿಮ್ಮ ಕೈಗೆ."

ಕ್ಯಾಬಿನ್ನಿನ ಬಾಗಿಲಲ್ಲಿ ಭಾವ ನಿಂತಿದ್ದ. ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ರಕ್ತ ಆಡಿತ್ತು. ಅವನು ಎರಡೂ ಕೈಗಳನ್ನು ಇನ್ನೂ ತೊಡೆಗೆ ಅಂಟಿಸಿಕೊಂಡೇ ಇದ್ದ, ಬಿಡಿ ಎಂದು ಅವಳು ಹೇಳಲು ಮರೆತಿದ್ದಳು. ಅಕ್ಕ ಡ್ರಮ್ಮಿನ ಹತ್ತಿರ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ತುಟಿ ಅಲುಗಿತು. ಪುಟ್ಟಿ ಎಂದಿರಬೇಕು, ಸದ್ದು ಬರಲಿಲ್ಲ.

ಮುಷ್ಟಿಯೊಳಗೆ ಬೆಂಕಿಕಡ್ಡಿ ಅಂಗೈಗೆ ಚುಚ್ಚಿತು. ಟೆಸ್ಟರಮ್ಮ ಇನ್ನೊಂದು ಕೈಯಲ್ಲಿ ಪೆನ್ನು ತೆಗೆದುಕೊಂಡಳು, ಅದಕ್ಕೆ ಮುಚ್ಚಳ ಹಾಕಿದಳು, ಹಾಳೆಯ ಮೇಲೆ ವಾಪಸ್ ಇಟ್ಟಳು.

"ಬರೆದು ಕೊಡಲ್ಲ."

ಮಾಲೀಕನ ನಗು ಮುಖದ ಮೇಲೆಯೇ ಉಳಿದಿತ್ತು, ಇಳಿಯುವುದನ್ನು ಮರೆತಂತೆ. "ಏನಂದ್ರಿ?"

"ಕೊಡಲ್ಲ ಅಂದೆ."